ಶಾಮನಿಗೆ ಹೋಗುತ್ತಿದ್ದ ಮೊದಲ ಪ್ರತಿ

ನಾಗಪುರದ ಪ್ರತಾಪ ನಗರದಲ್ಲಿ ಉಮಾಕಾಂತ ಗಲಗಲಿಯವರ ಮನೆ ಯಾವುದೆಂದು ಹೆಸರು ಹಿಡಿದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಬ್ಯಾಟರಿವಾಲೆ ಕಾಕಾ ಎಂದರೆ ಮಾತ್ರ ಮೂಲೆಯ ಪಾನಿನ ಅಂಗಡಿಯವನೂ ಕೈ ಮಾಡಿ ತೋರಿಸುತ್ತಿದ್ದ. ಲೋಡ್ ಶೆಡ್ಡಿಂಗಿನ ಆ ವರ್ಷಗಳಲ್ಲಿ ಹಗಲು ನಾಲ್ಕು ನಾಲ್ಕು ತಾಸು ಕರೆಂಟು ಹೋಗಿ ಇಡೀ ಓಣಿ ಬೆವರು ಒರೆಸಿಕೊಳ್ಳುತ್ತ ಕುಳಿತಾಗಲೂ ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಫ್ಯಾನು ಗುಂಯ್ ಎನ್ನುತ್ತಿತ್ತು. ಅದು ಮನುಷ್ಯರಿಗೆ ಗಾಳಿ ಹಾಕುವ ಫ್ಯಾನಲ್ಲ, ಕಂಪ್ಯೂಟರಿನ ಹೊಟ್ಟೆಯೊಳಗಿನದು. ಟ್ರಕ್ಕಿನ ಎರಡು ಬ್ಯಾಟರಿಗಳು ಅದೊಂದಕ್ಕೇ ಮೀಸಲು. ಮೇ ತಿಂಗಳಲ್ಲಿ ಮನೆಯ ಒಂದೇ ಕೂಲರ್ ಕೂಡ ಅದರ ಕಡೆಗೇ ಮುಖ ಮಾಡಿರುತ್ತಿತ್ತು.

"ಸವತಿ ತಂದಿದ್ದರೂ ಆಕಿಗೆ ಇಷ್ಟು ಥಂಡಾ ಗಾಳಿ ಹಾಕತಿದ್ದಿಲ್ಲ ಇವರು" ಎಂದು ಹೆಂಡತಿ ವಸುಧಾ ಬಂದವರ ಮುಂದೆ ಹೇಳಿ ನಗುತ್ತಿದ್ದರು. ಆಕೆ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಲೆಕ್ಕ ತಪ್ಪಿದ ಹುಡುಗರನ್ನು ನೋಡುವಂತೆಯೇ ಗಂಡನನ್ನೂ ನೋಡುವುದು ಅವರಿಗೆ ರೂಢಿಯಾಗಿತ್ತು.

ಆ ಯಂತ್ರ ಮಾಡುತ್ತಿದ್ದ ಕೆಲಸ ಇಷ್ಟೇ. ನಾಗಪುರದಲ್ಲಿ ಮತ್ತು ಅದರ ಆಚೀಚೆ ಚದುರಿದ್ದ ಮುನ್ನೂರ ನಲವತ್ತು ಕನ್ನಡ ಮನೆಗಳಿಗೆ, ಅವರವರ ಹಿರಿಯರ ಶ್ರಾದ್ಧದ ತಿಥಿ ಈ ವರ್ಷ ಯಾವ ತಾರೀಖಿಗೆ ಬರುತ್ತದೆಂದು ಹತ್ತು ದಿನ ಮುಂಚೆ ಇ-ಮೇಲ್ ಕಳಿಸುವುದು. ಕೇಳಿದವರು ಮೊದಲು ನಗುತ್ತಿದ್ದರು. ಆಮೇಲೆ ದನಿ ತಗ್ಗಿಸಿ, ತಮ್ಮ ತಂದೆಯ ತಿಥಿಯನ್ನೂ ಬರೆದುಕೊಳ್ಳುವಿರೇನು ಎಂದು ಕೇಳುತ್ತಿದ್ದರು.

ಇದನ್ನು ಹುಟ್ಟುಹಾಕಿದವರು ಉಮಾಕಾಂತರಲ್ಲ, ಶಾಮರಾವ ಹೆಬ್ಬಳ್ಳಿ. ಬ್ಯಾಂಕಿನ ಗುಮಾಸ್ತ, ಧರಮಪೇಠದ ವಾಸಿ, ಉಮಾಕಾಂತರ ಪಾಲಿಗೆ ಬರೀ ಶಾಮ. ಉಮಾಕಾಂತರು ಬಾಗಲಕೋಟೆಯ ಕಡೆಯಿಂದ ಇಪ್ಪತ್ತಮೂರನೆಯ ವಯಸ್ಸಿಗೆ ಆರ್ಡನೆನ್ಸ್ ಫ್ಯಾಕ್ಟರಿಯ ಟೆಲಿಫೋನ್ ವಿಭಾಗಕ್ಕೆ ಬಂದಾಗ ಊರಲ್ಲಿ ಸಿಕ್ಕ ಮೊದಲ ಕನ್ನಡದ ಬಾಯಿ ಶಾಮನದು. ಒಂದೇ ಖೋಲಿಯಲ್ಲಿ ಎರಡು ವರ್ಷ ಇದ್ದರು, ಒಂದೇ ಸ್ಕೂಟರನ್ನು ಪಾಳಿ ಹಾಕಿ ಓಡಿಸಿದರು. ಇಬ್ಬರಿಗೂ ಲಗ್ನವಾದ ಮೇಲೂ ಭಾನುವಾರದ ಚಹಾ ತಪ್ಪಲಿಲ್ಲ.

ಎಂಬತ್ತೆಂಟರಲ್ಲಿ ಶಾಮ ತನ್ನ ತಂದೆಯ ಶ್ರಾದ್ಧವನ್ನು ಒಂದು ತಿಂಗಳು ಮುಂಚೆಯೇ ಮಾಡಿ ಮುಗಿಸಿದ. ಇಂಥ ತಪ್ಪು ಧಾರವಾಡದಲ್ಲಿ ಆಗುವುದಿಲ್ಲ, ಕಾಶಿಯಲ್ಲಿಯೂ ಆಗುವುದಿಲ್ಲ. ನಾಗಪುರದಲ್ಲಿ ಮಾತ್ರ ಆಗುತ್ತದೆ. ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಮರಾಠಿಯವರಲ್ಲಿಯೂ ಹಾಗೆಯೇ. ಹಿಂದಿಯವರಲ್ಲಿ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಇಬ್ಬರ ತಿಂಗಳ ಹೆಸರೂ ಒಂದೇ. ಕೃಷ್ಣಪಕ್ಷ ಬಂತೆಂದರೆ ಹಿಂದಿಯವರ ಶ್ರಾವಣ ನಮ್ಮ ಆಷಾಢವಾಗಿರುತ್ತದೆ. ಈ ಊರಿನ ಗೋಡೆಗಳ ಮೇಲೆ ಎರಡೂ ಬಗೆಯ ಕ್ಯಾಲೆಂಡರ್ ತೂಗುತ್ತವೆ, ಯಾವ ಅಂಗಡಿಯವನು ಪುಕ್ಕಟೆ ಕೊಟ್ಟನೋ ಅದು. ಬಟ್ಟೆಯಂಗಡಿಯ ಹಿಂದಿ ಕ್ಯಾಲೆಂಡರ್ ನೋಡಿ ಶಾಮ ಪಿಂಡ ಇಟ್ಟಿದ್ದ. ಹುಬ್ಬಳ್ಳಿಯಿಂದ ಬಂದ ಸೋದರಮಾವ ತಿಳಿಸಿ ಹೇಳಿದಾಗಲೇ ಅವನಿಗೆ ತಪ್ಪು ಗೊತ್ತಾಯಿತು.

"ಕರೀಲಾರದ ದಿನಾ ಎಲಿ ಹಾಕಿ, ಕರದ ದಿನಾ ಬಾಗಲಾ ಹಾಕಿಬಿಟ್ಟೆನಲ್ಲೋ ಉಮ್ಯಾ" ಎಂದು ಅವನು ಎಂಟು ದಿನ ಅದನ್ನೇ ಹಲುಬಿದ.

ಒಂಬತ್ತನೆಯ ದಿನ ಎರಡು ನೋಟ್‌ಬುಕ್ ತಂದ. ಒಂದರಲ್ಲಿ ಯಾರಿಗೆ ತಿಳಿಸಬೇಕೋ ಅವರ ಹೆಸರು, ಇನ್ನೊಂದರಲ್ಲಿ ತೀರಿಕೊಂಡವರ ಹೆಸರು ಮತ್ತು ತಿಥಿ. ರಜೆಯ ದಿನ ಸ್ಕೂಟರ್ ಹತ್ತಿ ಮನೆ ಮನೆಗೆ ಹೋಗಿ ತಿಥಿ ಬರೆದುಕೊಂಡ, ಪಂಚಾಂಗ ಎದುರಿಗಿಟ್ಟುಕೊಂಡು ಪೋಸ್ಟ್‌ಕಾರ್ಡ್ ಬರೆದ. ರೈಲ್ವೆಯವರು, ಬ್ಯಾಂಕಿನವರು ವರ್ಗವಾಗಿ ಇಟಾರ್ಸಿಗೆ, ಬಿಲಾಸಪುರಕ್ಕೆ, ಜಬಲಪುರಕ್ಕೆ ಹೋದರೂ ಕಾರ್ಡು ಅವರ ಬೆನ್ನು ಬಿಡಲಿಲ್ಲ. ಮೊದಲ ನೋಟ್‌ಬುಕ್ಕಿಗೆ ಒಂದು ಕಟ್ಟಳೆ ಇತ್ತು. ಅದರಲ್ಲಿರುವವರು ಯಾರಾದರೂ ತೀರಿಕೊಂಡರೆ ಹೆಸರನ್ನು ಎರಡನೆಯದರಲ್ಲಿ ಬರೆಯುವುದು ಸರಿ, ಆದರೆ ಮೊದಲನೆಯದರಲ್ಲಿ ಗೀಟು ಎಳೆಯಬಾರದು. ಹೆಸರಿನ ಮೇಲೆ ಗೀಟು ಎಳೆಯಲು ನಾವು ಯಾರು ಎಂದು ಶಾಮ ಕೇಳುತ್ತಿದ್ದ. ಪೋಸ್ಟ್‌ಕಾರ್ಡಿನ ಕಾಲಕ್ಕೆ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ತೊಂಬತ್ತೊಂಬತ್ತರ ಸುಮಾರಿಗೆ ಮನೆಗಳಲ್ಲಿ ಇ-ಮೇಲ್ ಬಂದಾಗ ಬರೆಯುವ ಕೆಲಸ ಉಮಾಕಾಂತರ ಪಾಲಿಗೆ ಬಂತು, ಎರಡು ನೋಟ್‌ಬುಕ್ಕುಗಳು ಕಂಪ್ಯೂಟರಿನಲ್ಲಿ ಎರಡು ಪಟ್ಟಿಗಳಾದವು. ಮೂವತ್ತು ವರ್ಷ ಹೆಡ್‌ಫೋನ್ ಹಾಕಿ ಅವರ ಕಿವಿ ಮಂದವಾಗುತ್ತ ಬಂದಿತ್ತು. ಫೋನೆಂದರೆ ಹಿಂಸೆ, ಅಕ್ಷರವೆಂದರೆ ಆರಾಮ. ಪುಕ್ಕಟೆ ಮೇಲ್ ಕಂಪನಿಯೊಂದರಿಂದ ಕಳಿಸಿ ನೋಡಿದರು. ಅಪ್ಪನ ತಿಥಿಯ ಕೆಳಗೆ ತೂಕ ಇಳಿಸುವ ಚಹಾದ ಜಾಹೀರಾತು ಬಂತೆಂದು ನಾಲ್ಕು ಜನ ಬೇಸರಪಟ್ಟರು. ಹೀಗೆ ಸ್ವಂತ ಸರ್ವರಿನ ಹುಚ್ಚು ಹತ್ತಿತು. ಸರ್ವರ್ ಎಂದರೆ ಮನೆಯಲ್ಲಿಯೇ ಇಟ್ಟುಕೊಂಡ ಖಾಸಗಿ ಅಂಚೆ ಕಚೇರಿ. ಪತ್ರಿಕೆಯ ಜೊತೆ ಬರುವ ಸಿ.ಡಿ. ಹಾಕಿ, ಪುಸ್ತಕ ಓದಿ, ಕೈ ಸುಟ್ಟುಕೊಂಡು ಕಲಿತರು. ಬ್ರಾಡ್‌ಬ್ಯಾಂಡ್ ಬಂದ ಮೇಲೆ, ಎರಡು ಸಾವಿರದ ಐದರಲ್ಲಿ, ಅದು ಇಂಟರ್ನೆಟ್ಟಿನಲ್ಲಿ ತನ್ನದೇ ಆದ, ಬದಲಾಗದ ನಂಬರಿನೊಡನೆ ಅವರ ಮುಂದಿನ ಕೋಣೆಯಲ್ಲಿ ಪೂರ್ತಿ ಪ್ರತಿಷ್ಠಾಪನೆಯಾಯಿತು.

ಅದನ್ನು ನೋಡಲು ಶಾಮ ಇರಲಿಲ್ಲ.

ಇ-ಮೇಲ್ ಶುರುವಾದ ದಿನದಿಂದ ಇಬ್ಬರ ನಡುವೆ ಒಂದು ಪದ್ಧತಿ ಇತ್ತು. ಪ್ರತಿ ಪತ್ರದ ಮೊದಲ ಪ್ರತಿ ಶಾಮನಿಗೆ ಹೋಗಬೇಕು. ಅವನು ಪಂಚಾಂಗ ನೋಡಿ "ಬರೋಬರ್" ಎಂದು ಒಂದೇ ಮಾತು ಬರೆದ ಮೇಲೆ ಉಳಿದವರಿಗೆ. ನಾಲ್ಕು ವರ್ಷದಲ್ಲಿ ಅವನು ಎರಡು ಸಲ ಮಾತ್ರ ತಪ್ಪು ಹಿಡಿದಿದ್ದ, ಆ ಎರಡನ್ನು ಸಾಯುವತನಕ ಆಡಿಕೊಂಡ. ಎರಡು ಸಾವಿರದ ಮೂರರ ಶ್ರಾವಣದಲ್ಲಿ ಕಾಮಾಲೆಯಾಗಿ ಹನ್ನೊಂದು ದಿನಕ್ಕೆ ಹೋಗಿಬಿಟ್ಟ. ಅಂದು ಬಹುಳ ಪಂಚಮಿ, ಕೃಷ್ಣಪಕ್ಷದ ಐದನೆಯ ದಿನ. ಹಾಸಿಗೆಯ ಪಕ್ಕದಲ್ಲಿ ಉಮಾಕಾಂತರೇ ಇದ್ದರು. ಆಸ್ಪತ್ರೆಯ ಕಾಗದ, ಬ್ಯಾಂಕಿನ ಕಾಗದ, ಹೆಂಡತಿ ಜಯಾಳಿಗೆ ಅದೇ ಬ್ಯಾಂಕಿನಲ್ಲಿ ನೌಕರಿಯ ಅರ್ಜಿ, ಎಲ್ಲವನ್ನೂ ಅವರೇ ಓಡಾಡಿ ಮಾಡಿಸಿದರು. ಒಂದು ಸಾಲು ಮಾತ್ರ ಬರೆಯಲಿಲ್ಲ. ಎರಡನೆಯ ಪಟ್ಟಿಯಲ್ಲಿ ಶಾಮನ ಹೆಸರು.

ಇವತ್ತು ಬೇಡ, ನಾಳೆ ಬರೆದರಾಯಿತು ಎಂದುಕೊಂಡರು. ಆ ನಾಳೆಗೆ ನಾಲ್ಕು ವರ್ಷ ತುಂಬಿತು. ಮೊದಲ ವರ್ಷದ ಶ್ರಾದ್ಧವನ್ನು ಕನ್ನಡದ ಆಚಾರ್ಯರೊಬ್ಬರು ಮುಂದೆ ನಿಂತು ಮಾಡಿಸಿ, ಮರುವರ್ಷ ತಾವೂ ಊರು ಬಿಟ್ಟು ಹೋದರು. ಉಮಾಕಾಂತರು ಅಂದು ಉಂಡು ಬಂದವರು, ಆಮೇಲೆ ಧರಮಪೇಠದ ಆ ಮನೆಯ ಮೆಟ್ಟಿಲು ಹತ್ತುವುದನ್ನೇ ಕಡಿಮೆ ಮಾಡಿದರು. ಶಾಮನ ಕುರ್ಚಿಯಲ್ಲಿ ಮಗ ಅಭಿಜಿತ್ ಕೂತಿರುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ.

ಮೊದಲ ಪ್ರತಿ ಮಾತ್ರ ಶಾಮನಿಗೆ ಹೋಗುತ್ತಲೇ ಇತ್ತು. ಆ ಸಾಲನ್ನು ತೆಗೆಯಬೇಕೆಂದು ಅವರಿಗೆ ಎಂದೂ ಅನ್ನಿಸಲಿಲ್ಲ. ಮೊದಲು ಕೆಲವು ತಿಂಗಳು ಪೆಟ್ಟಿಗೆ ತುಂಬಿದೆ ಎಂದು ಪತ್ರ ವಾಪಸು ಬಂತು. ಆಮೇಲೆ ಇಂಥ ವ್ಯಕ್ತಿ ಇಲ್ಲ ಎಂದು ಬರತೊಡಗಿತು. ಇಂಥ ವ್ಯಕ್ತಿ ಇಲ್ಲ ಎಂಬುದನ್ನು ವಾರಕ್ಕೆ ಎಂಟು ಹತ್ತು ಸಲ ಓದುವುದು ಸುಲಭವಲ್ಲ. ವಾಪಸು ಬಂದದ್ದೆಲ್ಲ ತಾನಾಗಿ ಒಂದು ಬೇರೆ ಪೆಟ್ಟಿಗೆಗೆ ಹೋಗಿ ಬೀಳುವಂತೆ ಮಾಡಿದರು, ಆಗಾಗ ಇಣುಕಿ ಮುಚ್ಚುತ್ತಿದ್ದರು. ಎರಡು ಸಾವಿರದ ಆರರ ಮಾರ್ಚಿನಲ್ಲಿ ಇದ್ದಕ್ಕಿದ್ದಂತೆ ವಾಪಸು ಬರುವುದು ನಿಂತಿತು. ಪತ್ರ ಹೋಗುತ್ತಿತ್ತು, ಆ ಕಡೆಯ ಯಂತ್ರ ಸ್ವೀಕರಿಸಿದೆ ಎನ್ನುತ್ತಿತ್ತು. ಉಮಾಕಾಂತರು ವಿಜ್ಞಾನ ಓದಿದ ಮನುಷ್ಯ, ಆದರೂ ಅಂದು ಅವರಿಗೆ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎಲ್ಲೋ ಒಂದು ಕಡೆ ಅವನಿಗೆ ತಲುಪುತ್ತಿದೆ ಎಂದು ಅಂದುಕೊಂಡರು. ಏಕೆ ನಿಂತಿತು ಎಂದು ವಿಚಾರಿಸಲಿಲ್ಲ. ವಾಪಸಿನ ಪೆಟ್ಟಿಗೆ ತೆರೆಯುವುದನ್ನೂ ಬಿಟ್ಟರು.

ಎರಡು ಸಾವಿರದ ಏಳರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಹತ್ತಿರದ ಕನ್ಹಾನಿನಿಂದ ಕಾಶಿಬಾಯಿಯವರ ಫೋನು ಬಂತು. ಎಪ್ಪತ್ತೆಂಟು ವರ್ಷದ ಮುದುಕಿ, ಗಂಡ ರೈಲ್ವೆಯಲ್ಲಿದ್ದವರು. ಮಗ ಸುನೀಲ್ ಆಫೀಸಿನಲ್ಲಿ ಮೇಲ್ ನೋಡಿ ಅವ್ವನಿಗೆ ಅಪ್ಪನ ತಿಥಿ ಹೇಳುತ್ತಿದ್ದ. ವಸುಧಾ ರಿಸೀವರನ್ನು ಗಂಡನ ಒಳ್ಳೆಯ ಕಿವಿಗೆ ಒತ್ತಿ ಹಿಡಿದರು.

"ಉಮಾಕಾಂತಾ, ಈ ವರ್ಷ ನಿನ್ನ ಪತ್ರ ಬರಲಿಲ್ಲಪಾ" ಎಂದರು ಕಾಶಿಬಾಯಿ. "ಷಷ್ಠಿ ಹೋಗಿ ಮೂರು ದಿನಾ ಆತಂತ. ನಿನ್ನಿ ಗುಡ್ಯಾಗ ಯಾರೋ ಅಂದಾಗ ಗೊತ್ತಾತು. ಆರಾಮ ಇದ್ದೀ ಇಲ್ಲೋ ಅಂತ ಕೇಳಲಿಕ್ಕೆ ಮಾಡಿದೆ."

ಬೈದಿದ್ದರೆ ಚೆನ್ನಾಗಿತ್ತು. ಉಮಾಕಾಂತರು ರಿಸೀವರ್ ಇಟ್ಟು ನೆಟ್ಟಗೆ ಯಂತ್ರದ ಮುಂದೆ ಹೋಗಿ ಕುಳಿತರು. ಒಂದೂವರೆ ವರ್ಷ ತೆರೆಯದಿದ್ದ ವಾಪಸಿನ ಪೆಟ್ಟಿಗೆ ತೆರೆದರು. ಆ ತಿಂಗಳು ಕಳಿಸಿದ ಪತ್ರಗಳಲ್ಲಿ ಮುಕ್ಕಾಲು ಭಾಗ ಅಲ್ಲಿ ಬಿದ್ದಿದ್ದವು. ಎಲ್ಲದರ ಮೇಲೂ ಒಂದೇ ಷರಾ: ನಿಮ್ಮ ಸರ್ವರಿನ ನಂಬರು ಕಪ್ಪುಪಟ್ಟಿಯಲ್ಲಿದೆ, ನಿಮ್ಮಿಂದ ಪತ್ರ ತೆಗೆದುಕೊಳ್ಳುವುದಿಲ್ಲ.

ಸ್ಪ್ಯಾಮ್ ಎಂದು ಕರೆಯುವ ಕಸದ ಮೇಲುಗಳನ್ನು ತಡೆಯಲು ಹೊರದೇಶದ ಕೆಲವು ಸಂಸ್ಥೆಗಳು ಇಂಥ ಪಟ್ಟಿ ಇಡುತ್ತವೆ. ಎಲ್ಲಿಂದ ಕಸ ಬರುತ್ತದೆಯೋ ಆ ನಂಬರು ಪಟ್ಟಿ ಸೇರುತ್ತದೆ. ದೊಡ್ಡ ಮೇಲ್ ಕಂಪನಿಗಳು ಪಟ್ಟಿ ನೋಡಿ ಬಾಗಿಲು ಹಾಕುತ್ತವೆ, ಯಾರು ಏನು ಎಂದು ವಿಚಾರಿಸುವುದಿಲ್ಲ. ವಯಾಗ್ರ ಮಾರುವವರ ಸಾಲಿನಲ್ಲಿ ತಮ್ಮ ಸರ್ವರಿನ ನಂಬರು ನೋಡಿ ಉಮಾಕಾಂತರು ಒಂದೊಂದೇ ಅಂಕಿಯನ್ನು ಮತ್ತೊಮ್ಮೆ ತಾಳೆ ನೋಡಿದರು. ಸೆಪ್ಟೆಂಬರ್ ಕೊನೆಗೆ ಪಿತೃಗಳ ಪಕ್ಷಮಾಸ ಹುಟ್ಟುತ್ತಿತ್ತು. ಆ ಹದಿನೈದು ದಿನಗಳ ತಿಥಿ ತಿಳಿಸಲು ಎಲ್ಲ ಮನೆಗಳಿಗೂ ಪತ್ರ ಹೋಗಬೇಕು. ಅಷ್ಟರೊಳಗೆ ಈ ಪಟ್ಟಿಯಿಂದ ಹೊರಗೆ ಬರದಿದ್ದರೆ ಮುನ್ನೂರ ನಲವತ್ತು ಮನೆಗಳ ಹಿರಿಯರು ಕನ್ಹಾನಿನ ಆ ರೈಲ್ವೆಯವರ ಹಾಗೆಯೇ ಕಾಯ್ದು ಹೋಗುತ್ತಾರೆ. ವಸುಧಾ ಆ ವಾರದ ತಿಥಿಯವರಿಗೆ ಫೋನು ಹಚ್ಚಿದರು. ಒಂಬತ್ತರಲ್ಲಿ ನಾಲ್ಕು ನಂಬರು ಬದಲಾಗಿದ್ದವು.

ದೋಷ ಹುಡುಕುವುದು ಉಮಾಕಾಂತರ ಹೊಟ್ಟೆಪಾಡಿನ ವಿದ್ಯೆ. ಸಾವಿರ ತಂತಿಗಳಲ್ಲಿ ಸತ್ತ ಒಂದನ್ನು ಹುಡುಕಿದವರು ಅವರು. ತಮ್ಮ ಸರ್ವರನ್ನು ಬೇರೆ ಯಾರಾದರೂ ಕದ್ದು ಬಳಸುತ್ತಿದ್ದಾರೆಯೇ ನೋಡಿದರು, ಇಲ್ಲ. ನಂಬರಿಗೂ ಹೆಸರಿಗೂ ಹೊಂದಾಣಿಕೆ ಇದೆಯೇ ನೋಡಿದರು, ಎರಡು ವರ್ಷದ ಹಿಂದೆ ಟೆಲಿಫೋನ್ ಕಚೇರಿಯಲ್ಲಿ ಆರು ದಿನ ನಿಂತು ಮಾಡಿಸಿದ್ದು ಹಾಗೆಯೇ ಇತ್ತು. ವೈರಸ್ ಇರಲಿಲ್ಲ. ವಾರಕ್ಕೆ ಹತ್ತು ಪತ್ರ ಕಳಿಸುವ ಯಂತ್ರ ಯಾರಿಗೆ ಕಸ ಎಸೆದೀತು? ಸಂಸ್ಥೆಯ ಅರ್ಜಿ ತುಂಬಿದರು. ತಾಸಿನಲ್ಲಿ ನಂಬರು ಪಟ್ಟಿಯಿಂದ ಹೊರಬಂತು. ಸಂಜೆ ಮೂರು ಪತ್ರ ಕಳಿಸಿದರು, ಮರುದಿನ ಬೆಳಿಗ್ಗೆ ಮತ್ತೆ ಪಟ್ಟಿಯಲ್ಲಿತ್ತು. ಇನ್ನೊಮ್ಮೆ ಅರ್ಜಿ, ಇನ್ನೊಮ್ಮೆ ಬಿಡುಗಡೆ, ಇನ್ನೊಮ್ಮೆ ಅದೇ ಹಣೆಬರಹ. ಮೂರನೆಯ ಸಲ ಅವರು ಅರ್ಜಿ ತುಂಬದೆ, ತಮ್ಮ ಪತ್ರಗಳು ಎಂಥವು, ಯಾರಿಗೆ ಹೋಗುತ್ತವೆ, ತಪ್ಪಿದರೆ ಏನಾಗುತ್ತದೆ ಎಂದು ಎರಡು ಪುಟ ಇಂಗ್ಲಿಷಿನಲ್ಲಿ ಬರೆದರು. ತಿಥಿ ಎಂಬ ಮಾತಿಗೇ ಅರ್ಧ ಪುಟ ಹಿಡಿಯಿತು.

ಶನಿವಾರ ಉತ್ತರ ಬಂತು. ಈ ಸಲ ಯಂತ್ರವಲ್ಲ, ಮನುಷ್ಯನೇ ಬರೆದಿದ್ದ, ಮರ್ಯಾದೆಯಿಂದಲೇ ಬರೆದಿದ್ದ. ನಿಮ್ಮ ಸರ್ವರಿನಲ್ಲಿ ದೋಷವಿಲ್ಲ, ನೀವು ಕಸ ಕಳಿಸುವವರಲ್ಲ ಎಂಬುದೂ ಕಾಣುತ್ತದೆ. ಆದರೆ ವರ್ಷಗಳಿಂದ ಯಾರೂ ಬಳಸದ ಒಂದು ವಿಳಾಸಕ್ಕೆ ನಿಮ್ಮ ಪ್ರತಿಯೊಂದು ಪತ್ರವೂ ಹೋಗುತ್ತಿದೆ. ಯಾರೂ ಬಳಸದ ವಿಳಾಸಗಳನ್ನು ಕಂಪನಿಗಳು ಕೆಲವು ಕಾಲ ಮುಚ್ಚಿಡುತ್ತವೆ, ಬಂದದ್ದನ್ನೆಲ್ಲ ವಾಪಸು ಕಳಿಸುತ್ತವೆ. ಆಮೇಲೆ ಬಲೆಯಾಗಿ ತೆರೆದಿಡುತ್ತವೆ. ಅಷ್ಟು ಸಲ ವಾಪಸು ಬಂದರೂ ಬರೆಯುವುದನ್ನು ನಿಲ್ಲಿಸದವರು ಮಾತ್ರ ಅದರಲ್ಲಿ ಬೀಳುತ್ತಾರೆ. ಆ ಬಲೆಯ ಲೆಕ್ಕ ನಮಗೆ ಸಿಗತೊಡಗಿದ್ದು ಈ ತಿಂಗಳಿಂದ. ಆ ವಿಳಾಸ ಯಾವುದೆಂದು ಹೇಳಲು ನಮಗೆ ಅನುಮತಿ ಇಲ್ಲ. ಅದನ್ನು ತೆಗೆದಿದ್ದೇನೆ, ಇನ್ನೆಂದೂ ಅದಕ್ಕೆ ಬರೆಯುವುದಿಲ್ಲ ಎಂದು ಖಾತ್ರಿ ಕೊಡಿ. ಮತ್ತೆ ಬಿದ್ದರೆ ಆರು ತಿಂಗಳು ಬಿಡುಗಡೆ ಇಲ್ಲ.

ಯಾವುದೆಂದು ಅವನು ಹೇಳಬೇಕಾಗಿಯೇ ಇರಲಿಲ್ಲ. ಅವರ ಮೊದಲ ಪಟ್ಟಿಯಲ್ಲಿ ತೀರಿಕೊಂಡವರ ವಿಳಾಸಗಳು ಹನ್ನೊಂದಿದ್ದವು, ಶಾಮನ ಕಟ್ಟಳೆಯಂತೆ ಒಂದನ್ನೂ ತೆಗೆದಿರಲಿಲ್ಲ. ಅವುಗಳಲ್ಲಿ ಹತ್ತಕ್ಕೆ ವರ್ಷಕ್ಕೆ ಒಂದೆರಡು ಪತ್ರ. ಪ್ರತಿಯೊಂದು ಪತ್ರವೂ ಹೋಗುತ್ತಿದ್ದದ್ದು ಒಂದಕ್ಕೇ.

ಹತ್ತು ಹೆಸರುಗಳನ್ನು ಉಮಾಕಾಂತರು ಅಂದೇ ತೆಗೆದರು. ಒಂದೊಂದಕ್ಕೂ ಮುಖಗಳು ನೆನಪಾದವು, ಆದರೂ ತೆಗೆದರು. ಹನ್ನೊಂದನೆಯದರ ಹತ್ತಿರ ಬಂದು ಕೈ ಹಿಂದೆ ತೆಗೆದುಕೊಂಡರು. ಆಗ ಅವರಿಗೆ ಒಂದು ಉಪಾಯ ಹೊಳೆಯಿತು. ಶಾಮನ ಪಾಸ್‌ವರ್ಡ್ ಜಯಾಳಿಗೆ ಗೊತ್ತಿರಬಹುದು. ಕಂಪನಿಗೆ ಬರೆದು ಆ ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿಸಿದರೆ, ದಿನಕ್ಕೊಮ್ಮೆ ತಾವೇ ತೆರೆದು ನೋಡುತ್ತಿದ್ದರೆ, ಅದು ಸತ್ತ ವಿಳಾಸ ಹೇಗಾಗುತ್ತದೆ?

ವಸುಧಾ ಇದನ್ನು ಕೇಳಿ ಕೈಯ ಪೆನ್ನು ಕೆಳಗಿಟ್ಟರು. "ಅವರು ಕೇಳ್ಯಾರ ಹೆಸರು ತಗೀ ಅಂತ. ನೀವು ಹುಡಕಲಿಕ್ಕೆ ಹೊಂಟೀರಿ ಇಟ್ಟುಕೊಳ್ಳೋ ದಾರಿ" ಎಂದರು. "ಹೋಗ್ರಿ, ಹೋಗಿ ಬರ್ರಿ. ಜಯಾನ್ನ ಕಂಡು ವರ್ಷ ಆತು, ಅದಕ್ಕರೆ ಹೋಗ್ರಿ."

ಭಾನುವಾರ ಹತ್ತು ಗಂಟೆಗೆ ಅವರು ಧರಮಪೇಠದ ಆ ಎರಡನೆಯ ಮಹಡಿಯ ಮೆಟ್ಟಿಲು ಹತ್ತಿದರು. ಜಯಾ ಬಾಗಿಲು ತೆರೆದು "ಬರ್ರಿ" ಎಂದಳು. ಬ್ಯಾಂಕಿನ ನೌಕರಿಯಲ್ಲಿ ನಾಲ್ಕು ವರ್ಷ ಕಳೆದು ಆಕೆಯ ದನಿ ಗಟ್ಟಿಯಾಗಿತ್ತು, ಕೂದಲು ಬೆಳ್ಳಗಾಗಿತ್ತು. ಅಭಿಜಿತ್ ಶಾಮನ ಕುರ್ಚಿಯಿಂದ ಎದ್ದು "ಬಸಾ ಕಾಕಾ" ಎಂದು ಅದನ್ನೇ ಮುಂದೆ ಸರಿಸಿದ. ಔಷಧದ ಕಂಪನಿಯೊಂದರಲ್ಲಿ ಸೇರಿದ್ದ ಇಪ್ಪತ್ತನಾಲ್ಕರ ಹುಡುಗ, ಕನ್ನಡ ಆಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಪಾಸ್‌ವರ್ಡಿನ ಮಾತು ಬಂದಾಗ ತಾಯಿ ಮಗ ಮುಖ ಮುಖ ನೋಡಿಕೊಂಡರು.

"ಅವರ ಸಾಮಾನಿನಾಗ ಇದ್ದರ ಇರಬಹುದು. ಯಾಕ ಬೇಕು ಈಗ?" ಎಂದಳು ಜಯಾ.

ಉಮಾಕಾಂತರು ಉತ್ತರ ಹುಡುಕುತ್ತ ಗೋಡೆಯ ಕಡೆ ನೋಡಿದರು. ಅಲ್ಲಿ ಕಿರಾಣಿ ಅಂಗಡಿಯ ಕ್ಯಾಲೆಂಡರ್ ಇತ್ತು, ಹಿಂದಿಯದು. ಆಗಸ್ಟಿನ ಪುಟ. ಮೂರನೆಯ ತಾರೀಖಿಗೆ ಕೆಂಪು ಪೆನ್ನಿನ ಸುತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಶ್ರಾವಣ ಕೃಷ್ಣ ಪಂಚಮಿ ಎಂದಿತ್ತು.

ಅವರು ಎದ್ದು ಹತ್ತಿರ ಹೋಗಿ ಮತ್ತೊಮ್ಮೆ ಓದಿದರು. "ಶಾಮನ ಶ್ರಾದ್ಧ" ಎಂದು ಶುರು ಮಾಡಿದರು.

"ಆತಲ್ಲರಿ. ಮೂರನೇ ತಾರೀಖು ಮುಗಸಿದಿವಿ" ಎಂದಳು ಜಯಾ, ಚಹಾದ ಕಪ್ಪು ಮುಂದಿಡುತ್ತ. "ಆಚಾರ್ಯರು ಹೋದ ಮ್ಯಾಲೆ ಮೂರು ವರ್ಷ ಆತು, ಇವನೇ ಕ್ಯಾಲೆಂಡರ್ ನೋಡಿ ತಾರೀಖು ತಗೀತಾನ. ಗಣೇಶಪೇಠದಿಂದ ಒಬ್ಬ ಪಂಡಿತಜೀ ಬರತಾರ. ನಾವು ಹೇಳಿದ ದಿನಾ ಮಾಡಿಸಿ ಹೋಗತಾರ."

"ಪೈಲೆ ವರ್ಷ ನಾನು ರೋಜ್ ಮೇಲ್ ಚೆಕ್ ಮಾಡತಿದ್ದೆ ಕಾಕಾ" ಎಂದ ಅಭಿಜಿತ್, ಯಾವ ಮುನಿಸೂ ಇಲ್ಲದೆ. "ಬಾಬಾನ ಲಿಸ್ಟ್ ಅದ, ಬಾಬಾಂದು ಬರೋದಿಲ್ಲೇನು ಅಂತ."

"ನಾನೇ ಅಂದೆ ಇವಗ, ಬಿಡೋ, ಕಾಕಾಗ ಮುನ್ನೂರು ಮನಿ ಅವ, ಮರತಿರತಾರ ಅಂತ" ಎಂದು ಜಯಾ ನಕ್ಕಳು. ಆ ನಗೆ ಕಣ್ಣಿನತನಕ ಬರಲಿಲ್ಲ.

ಉಮಾಕಾಂತರು ಚಹಾ ಕುಡಿದರು. ಹೇಳಬೇಕಾದದ್ದು ಒಂದೇ ಮಾತು. ಇದು ಹಿಂದಿಯವರ ಶ್ರಾವಣ, ನಮ್ಮ ಶ್ರಾವಣದ ಕೃಷ್ಣಪಕ್ಷ ಇನ್ನೂ ಬಂದಿಲ್ಲ, ಶಾಮನ ಪಂಚಮಿ ಬರುವ ಶನಿವಾರ. ಅಷ್ಟು ಹೇಳಿದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತದೆ: ಮೂರು ವರ್ಷ ನೀವು ಕರೆಯದ ದಿನ ಎಲೆ ಹಾಕಿದ್ದೀರಿ, ಕರೆದ ದಿನ ಬಾಗಿಲು ಹಾಕಿದ್ದೀರಿ, ಏಕೆಂದರೆ ನಾನು ಅವನಿಗೆ ಬರೆಯುತ್ತ ನಿಮಗೆ ಬರೆಯಲಿಲ್ಲ. ಈ ತಪ್ಪು ಇನ್ನಾರಿಗೂ ಆಗಬಾರದೆಂದೇ ಶಾಮ ಹದಿನೈದು ವರ್ಷ ಸ್ಕೂಟರ್ ತುಳಿದಿದ್ದ. ಪಾಸ್‌ವರ್ಡ್ ಸಿಕ್ಕರೆ ತಿಳಿಸು ಎಂದಷ್ಟೇ ಅಭಿಜಿತನಿಗೆ ಹೇಳಿ, ಕಪ್ಪನ್ನು ತಾವೇ ಒಳಗಿಟ್ಟು, ಮೆಟ್ಟಿಲು ಇಳಿದರು. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ.

ಮನೆಗೆ ಬಂದು ಶರ್ಟು ಕೂಡ ಬಿಚ್ಚದೆ ಯಂತ್ರದ ಮುಂದೆ ಕುಳಿತರು. ಮೊದಲ ಪ್ರತಿಯ ಸಾಲು ತೆಗೆದರು. ಎರಡನೆಯ ಪಟ್ಟಿಯಲ್ಲಿ ಬರೆದರು: ಶಾಮರಾವ ಹೆಬ್ಬಳ್ಳಿ, ಶ್ರಾವಣ ಬಹುಳ ಪಂಚಮಿ. ತಿಳಿಸಬೇಕಾದವರು ಎಂಬಲ್ಲಿ ಅಭಿಜಿತನ ವಿಳಾಸ. ಸಂಸ್ಥೆಗೆ ಖಾತ್ರಿ ಬರೆದು ಕೊಟ್ಟರು, ಇನ್ನೆಂದೂ ಆ ವಿಳಾಸಕ್ಕೆ ಬರೆಯುವುದಿಲ್ಲ ಎಂದು. ಅಷ್ಟು ಮಾಡಿ ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು. ವಸುಧಾ ಕೇಳಿಸದವರಂತೆ ಹೋಂವರ್ಕಿನ ಪುಸ್ತಕ ತಿದ್ದುತ್ತ ಕುಳಿತರು.

ನೂಲಹುಣ್ಣಿಮೆಯ ದಿನ ನಂಬರು ಕಪ್ಪುಪಟ್ಟಿಯಿಂದ ಹೊರಬಂತು. ಸಂಜೆಯತನಕ ಕಾಯ್ದರು, ಮತ್ತೆ ಬೀಳಲಿಲ್ಲ. ವಾಪಸಿನ ಪೆಟ್ಟಿಗೆಯಲ್ಲಿದ್ದ ಪತ್ರಗಳು ಒಂದೊಂದಾಗಿ ಹೋದವು. ಅವುಗಳ ನಡುವೆ ಒಂದು ಅಭಿಜಿತನಿಗೆ, ಅವನಿಗೆ ಓದಲು ಬರಲೆಂದು ಮರಾಠಿಯಲ್ಲಿ. ನಿಮ್ಮ ತಂದೆಯವರ ತಿಥಿ ಈ ವರ್ಷ ಸೆಪ್ಟೆಂಬರ್ ಒಂದು, ಶನಿವಾರ. ಹಿಂದಿ ಪಂಚಾಂಗದ ತಿಂಗಳು ಬೇರೆ, ದಯವಿಟ್ಟು ಗಮನಿಸಬೇಕು. ಎಲ್ಲರಿಗೂ ಹೋಗುವ ಒಕ್ಕಣೆಯೇ. ಅದರ ಕೆಳಗೆ ತಮ್ಮದಾಗಿ ಏನಾದರೂ ಬರೆಯಬೇಕೆಂದು ಅರ್ಧ ತಾಸು ಕುಳಿತು, ಏನೂ ಬರೆಯದೆ ಕಳಿಸಿದರು. ಆ ಕಡೆಯ ಯಂತ್ರ ಸ್ವೀಕರಿಸಿದೆ ಎಂದಿತು.

ಗುರುವಾರ ಉತ್ತರ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಉಮಾಕಾಂತರು ಬಾಯಿ ಬಿಟ್ಟು ಓದಿದರೆ ಅರ್ಥವಾಗುವಂಥದು, ಹಾಗೆಯೇ ಓದಿದರು.

"ಕಾಕಾ, ಪತ್ರ ಸಿಕ್ತು. ಅವ್ವಾ ನಿನ್ನಿಯಿಂದ ಊಟಾ ಮಾಡಿಲ್ಲ. ಬಾಬಾ ಈ ತಪ್ಪಿಗೆ ಎಷ್ಟು ಸಂಕಟಾ ಪಟ್ಟಿದ್ದರು ಅಂತ ನನಗ ಈಗ ಹೇಳಿದಳು. ತಪ್ಪು ನಂದು, ನಿಮ್ಮದಲ್ಲ. ಆದರ ಅವ್ವಾ ಅಂತಾಳ, ಅವತ್ತು ಕ್ಯಾಲೆಂಡರ್ ನೋಡಿ, ಎದುರಿಗೆ ಕೂತು ಚಹಾ ಕುಡದು ಹೋದ್ರು, ಬಾಯಿಲೆ ಹೇಳಬಹುದಿತ್ತು. ಮಷೀನ್ ಹೇಳೋದಿದ್ದರ ನಮಗ ಬ್ಯಾಡ ಅಂತಾಳ. ನಮ್ಮ ಹೆಸರು ಲಿಸ್ಟ್‌ದಾಗಿಂದ ತಗೀರಿ. ಬಾಬಾಂದೂ ತಗೀರಿ. ಪಾಸ್‌ವರ್ಡ್ ಸಿಗಲಿಲ್ಲ."

ವಸುಧಾ ಬೆನ್ನ ಹಿಂದೆ ನಿಂತು ಓದಿದರು. ಫೋನಾದರೂ ಮಾಡಿರಿ ಎನ್ನಬೇಕೆಂದುಕೊಂಡವರು ಗಂಡನ ಕಿವಿ ನೆನಪಾಗಿ ತಿದ್ದುವ ಪುಸ್ತಕಗಳ ಕಡೆಗೆ ಹೋದರು.

ಬೇಡ ಎಂದವರಿಗೆ ಬರೆಯಬಾರದು ಎಂಬುದನ್ನು ಉಮಾಕಾಂತರು ಆ ತಿಂಗಳು ಚೆನ್ನಾಗಿ ಕಲಿತಿದ್ದರು. ಅಭಿಜಿತನ ವಿಳಾಸ ತೆಗೆದರು. ಶಾಮನ ತಿಥಿಯ ಸಾಲನ್ನೂ ತೆಗೆದರು, ಬರೆದು ನಾಲ್ಕು ದಿನವಾಗಿತ್ತು. ಹದಿನೈದು ವರ್ಷ ತಿಥಿ ಕೂಡಿಹಾಕಿದ ಮನುಷ್ಯನ ಹೆಸರು ಈಗ ಎರಡು ಪಟ್ಟಿಗಳಲ್ಲಿ ಎಲ್ಲಿಯೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅವರು ಸ್ಕೂಟರ್ ತೆಗೆದುಕೊಂಡು ಧರಮಪೇಠಕ್ಕೆ ಹೋದರು. ಕರೆದಿರಲಿಲ್ಲ, ಒಳಗೆ ಹೋಗುವ ಧೈರ್ಯವೂ ಇರಲಿಲ್ಲ. ಎದುರಿನ ಪೋಹೆಯ ಗಾಡಿಯ ಪಕ್ಕದಲ್ಲಿ ನಿಂತರು. ಒಂದೂವರೆಯ ಸುಮಾರಿಗೆ ಅಭಿಜಿತ್ ಒದ್ದೆ ಪಂಚೆಯಲ್ಲಿ ಮಹಡಿಯ ಮೇಲಿನ ಗಚ್ಚಿಗೆ ಬಂದು, ಕಟ್ಟೆಯ ಮೇಲೆ ಬಾಳೆ ಎಲೆಯಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹಿಂದೆ ಜಯಾಳ ಸೀರೆಯ ಅಂಚು ಕಾಣಿಸಿತು. ಮೋಡ ಮುಚ್ಚಿತ್ತು, ಕಾಗೆಗಳು ತಡಮಾಡಿದವು. ಕಾಯುತ್ತ ನಿಂತ ಹುಡುಗ ಒಮ್ಮೆ ಕೆಳಗೆ ರಸ್ತೆಯ ಕಡೆ ನೋಡಿದ. ತಮ್ಮನ್ನು ನೋಡಿದನೆಂದೇ ಉಮಾಕಾಂತರಿಗೆ ಅನ್ನಿಸಿತು. ಅವನು ಕರೆಯಲಿಲ್ಲ, ಮತ್ತೆ ಮೇಲೆ ನೋಡತೊಡಗಿದ.

ಒಂದು ಕಾಗೆ ಬಂದು ಕಟ್ಟೆಯ ಮೇಲೆ ಕುಳಿತು, ಎಲೆಗೆ ಬಾಯಿ ಹಾಕಿತು. "ಬರೋಬರ್" ಎಂದು ಉಮಾಕಾಂತರು ತಮ್ಮಷ್ಟಕ್ಕೆ ತಾವು ಹೇಳಿಕೊಂಡರು. ಗಾಡಿಯವನು ಅವಲಕ್ಕಿಯ ಮೇಲೆ ಖಾರದ ತರ್ರಿ ಹಾಕಲೇನು ಎಂದು ಹಿಂದಿಯಲ್ಲಿ ಕೇಳಿದ. ಅವರು ಬೇಡವೆಂದು ಕೈಯಾಡಿಸಿ ಸ್ಕೂಟರ್ ಒದ್ದರು. ಸಂಜೆ ನಾಲ್ಕಕ್ಕೆ ಕರೆಂಟು ಹೋಗುವುದಿತ್ತು, ಅಷ್ಟರೊಳಗೆ ಬ್ಯಾಟರಿಗೆ ನೀರು ಹಾಕಬೇಕಾಗಿತ್ತು.